ಮಾಲಕರ ಕರೆಂಟ್ ಉಳಿತಾಯ

ಅವರ ಬಲಗೈ ಹೆಬ್ಬೆರಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ನಾನು ದುಡಿಯುತ್ತಿದ್ದ ಬೆಟಗೇರಿಯ ವೆಲ್ಡಿಂಗ್ ಅಂಗಡಿಯ ಮಾಲಕರು ಎಲೆ ಅಡಿಕೆ ಹಾಕಿಕೊಂಡು ಬಂದು, ಅದೇ ಹೆಬ್ಬೆರಳಿನಿಂದ ಮಷಿನ್ನಿನ ಗುಂಡಿ ತಿರುವಿ ಕರೆಂಟ್ ಇಳಿಸಿ ಹೋಗುತ್ತಿದ್ದರು. ಕೇಳಿದರೆ ನಾನಲ್ಲ ಎನ್ನುವರು. ಗುಂಡಿಯ ಮೇಲೆ ಮಾತ್ರ ಸುಣ್ಣ!

ಮೊದಲಿದ್ದ ಹಳೆಯ ಮಷಿನ್ ಕೆಲಸವಿಲ್ಲದಾಗಲೂ ಗುಂಯ್‌ಗುಡುತ್ತ ಕರೆಂಟ್ ತಿನ್ನುತ್ತಿತ್ತು. ಕಿಡಿ ಹತ್ತಿಸಿದರೆ ಪಕ್ಕದ ನೇಕಾರರ ಮನೆಯಲ್ಲಿ ದೀಪ ಮಂಕಾಗುತ್ತಿತ್ತು. ಬದಲಿಗೆ ಇನ್ವರ್ಟರ್ ಎಂಬ ಹೊಸ ಬಗೆಯ ವೆಲ್ಡಿಂಗ್ ಮಷಿನ್ ತಂದರು. ಒಳ್ಳೆಯ ಕೆಲಸವೇ, ಅಷ್ಟೇ ಬೆಸುಗೆಗೆ ಅದು ಕಡಿಮೆ ಕರೆಂಟ್ ಎಳೆಯುತ್ತದೆ. ಆದರೆ ಅಷ್ಟಕ್ಕೆ ಸುಮ್ಮನಿರುವ ಜೀವವೇ ಅದು? ಗದಗಿನ ಯಾವುದೋ ಸಭೆಯಲ್ಲಿ ಇಂಧನ ಉಳಿತಾಯದ ಮೇಲೆ ಭಾಷಣ ಬಿಗಿದು, ಶಾಲು ಹೊದಿಸಿಕೊಂಡು ಬಂದರು. ಬಂದವರೇ, "ಲೇ, ಉಳಿಸೋ ಮಷಿನ್ ಐತಿ. ಇನ್ನಷ್ಟು ಇಳಿಸಿದ್ರ ಇನ್ನಷ್ಟು ಉಳಿತೈತಿ. ಪರಿಸರ ಉಳಿಸಾಕ ಹತ್ತೀವಿ ನಾವು!" ಅಂದರು. ಎಂಥಾ ಶಾಣ್ಯಾ ಮನುಷ್ಯ!

ದಪ್ಪ ಕಬ್ಬಿಣಕ್ಕೆ ಕರೆಂಟ್ ಸಾಲದಿದ್ದರೆ ಬೆಸುಗೆ ಒಳಗಿಳಿಯದೆ ಮೇಲೆಯೇ ಕೂರುತ್ತದೆ. ಉಜ್ಜಿ ಬಣ್ಣ ಬಳಿದರೆ ನೋಡಲು ಚೆಂದ. ಹಮ್ಮಿಗಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಸಿಕ್ಕಿಸುವ ಟ್ರೇಲರ್ ಕೊಂಡಿ ಬೆಸೆಯಲು ತಂದಾಗ ನಾನು ಗುಂಡಿ ಏರಿಸುವುದು, ಇವರು ಇಳಿಸುವುದು. ಕೊನೆಗೆ ಪಕ್ಕದಲ್ಲೇ ನಿಂತು ತಮಗೆ ಬೇಕಾದ ಹಾಗೆ ಮಾಡಿಸಿದರು.

"ಹೊಲದಾಗ ಕಸಾ ತಗಿಯಾಕ ಹೋಗೋ ಹೆಣ್ಮಕ್ಕಳು ಈ ಟ್ರೇಲರ್‌ದಾಗ ಕುಂಡ್ರತಾರ್ರಿ. ಗಟ್ಟಿ ಐತಿಲ್ರಿ?" ರೈತರು ಕೇಳಿದರು.

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಡೂದಿಲ್ರಿ!" ಮಾಲಕರು ಎದೆಯುಬ್ಬಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡ ಸುತ್ತಿಗೆ ಎತ್ತಿ ಕೊಂಡಿಗೆ ಒಂದು ಬಾರಿಸಿದೆ. ಠಣ್ಣನೆ ಕಳಚಿ ಮಾಲಕರ ಕಾಲ ಬಳಿ ಬಿತ್ತು. ರೈತರು ಅವರ ಮುಖ ನೋಡಿದರು.

"ಹವಾ ತಂಪೈತ್ರಿ, ಅದಕ್ಕ ಹಂಗ ಆತು," ಅಂದರು ನಮ್ಮ ಮಹಾಶಯರು. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು!

ಮತ್ತೆ ಉಜ್ಜಿ, ಬೇಕಾದಷ್ಟು ಕರೆಂಟ್ ಕೊಟ್ಟು ಬೆಸೆದೆ. ಒಂದೇ ಕೊಂಡಿಗೆ ಎರಡು ಸಲ ಕರೆಂಟ್ ಸುಟ್ಟ ಉಳಿತಾಯ ಅದು. ಸಂಜೆಗೇ ನನ್ನನ್ನು ಕೆಲಸದಿಂದ ಬಿಡಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಕಣ್ಣೀರು ಬರಲಿಲ್ಲ, ಸುಳ್ಳೇಕೆ ಹೇಳಲಿ. ಈಗ ಮುಂಡರಗಿಯಲ್ಲಿ ನನ್ನದೇ ಅಂಗಡಿ ಇದೆ. ಬೆಸೆದ ಕೊಂಡಿಯನ್ನು ಗಿರಾಕಿಯ ಎದುರಿಗೆ ಬಡಿದು ತೋರಿಸದೆ ಕೊಡುವುದಿಲ್ಲ.

ಮೊನ್ನೆ ಡೋಣಿಯ ರೈತರೊಬ್ಬರು ಮೆಚ್ಚಿ, "ಭಾರಿ ಪದ್ಧತಿ ಬಿಡ್ರಿ! ಯಾರು ಕಲಿಸಿದ್ರು?" ಎಂದು ಕೇಳಿದರು.

"ಒಬ್ಬ ಸುಳ್ಳಬುರುಕ ಕಲಿಸ್ಯಾನ್ರಿ," ಅಂದೆ.