ಹದಿನಾಲ್ಕನೇ ನಂಬರಿನ ಮುಖ

ಅಪ್ಪ ಬಾಯಿ ತುಂಬ ನಗುವುದನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಅದೂ ಹಳೇ ಪೇಪರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಫೋಟೋ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆ ಸಿಕ್ಕಿ, ಒಂದು ವರ್ಷ ಆಚೆಯವರ ಕ್ಯಾಂಪಿನಲ್ಲಿದ್ದ ನಮ್ಮ ಸೈನಿಕರು ಬಿಡುಗಡೆಯಾಗಿ ಗಡಿಯ ಗೇಟು ದಾಟುತ್ತಿದ್ದಾರೆ. ಅವರ ನಡುವೆ ಒಬ್ಬಾತ ಕೈ ಮೇಲೆತ್ತಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾನೆ. ಅವರೇ ನಮ್ಮಪ್ಪ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಬಾಣಸವಾಡಿಯ ನಮ್ಮ ಮನೆಯಲ್ಲಿ ಅದರ ಜಾಗ ಅಡುಗೆಮನೆಯ ಒಳಗೋಡೆ. ಬೆಳಿಗ್ಗೆ ಸ್ಟವ್ ಹಚ್ಚುವ ಮೊದಲು ಅಮ್ಮ ಸೆರಗಿನ ತುದಿಯಿಂದ ಆ ಒಂದು ಮುಖವನ್ನು ಒರೆಸುತ್ತಿದ್ದಳು. ಮಿಕ್ಕ ಮೂವತ್ತು ಜನ ಧೂಳು ತಿನ್ನಬೇಕು. ಒರೆಸಿಯಾದ ಮೇಲೆ ಅಪ್ಪನಿಗೆ ಮಂಗಳಾರತಿ: “ಆ ಗೇಟ್ ಹತ್ರ ಇಷ್ಟು ಚೆನ್ನಾಗಿ ನಕ್ಕಿದೀರ, ಮನೇಲಿ ನಗೋಕೇನ್ರೀ ಕಷ್ಟ?” ಅಪ್ಪ ಕಾಫಿ ಲೋಟ ಹಿಡಿದು ವರಾಂಡಕ್ಕೆ ಹೋಗುತ್ತಿದ್ದರು. ಕಾರ್ಖಾನೆಯ ಬಸ್ಸು ಓಡಿಸಿ ನಿವೃತ್ತರಾಗುವವರೆಗೂ ಇದೇ ಮಾತು, ಇದೇ ವರಾಂಡ.

ಅಮ್ಮ ಹೋಗಿ ಎರಡು ವರ್ಷವಾಯಿತು. ಈಗ ಒರೆಸುವುದು ಅಪ್ಪ. ಅವರೂ ಆ ಒಂದೇ ಮುಖವನ್ನು ಒರೆಸುತ್ತಾರೆ. ಮೊದಲ ಸಲ ನೋಡಿದಾಗ, ಈ ವಯಸ್ಸಿನಲ್ಲಿ ಮನುಷ್ಯನಿಗೆ ತನ್ನ ಮುಖದ ಮೇಲೆ ಇಷ್ಟು ಮೋಹವೇ ಎಂದು ನನಗೆ ಸಿಟ್ಟೇ ಬಂದಿತ್ತು.

ಈ ವರ್ಷ ಹಲಸೂರಿನ ಮಾಜಿ ಸೈನಿಕರ ಸಂಘವೊಂದು ತನ್ನ ಹಾಲ್‌ಗೆ ಬಣ್ಣ ಹೊಡೆಸಿತು. ಗೋಡೆ ಹೊಸದಾದ ಮೇಲೆ ಏನಾದರೂ ನೇತುಹಾಕಬೇಕಲ್ಲ. ಯಾರೋ ಎಲ್ಲಿಂದಲೋ ಅದೇ ಫೋಟೋದ ನೆಗೆಟಿವ್ ಸಂಪಾದಿಸಿ, ದೊಡ್ಡದಾಗಿ, ಸ್ಪಷ್ಟವಾಗಿ ಪ್ರಿಂಟ್ ಹಾಕಿಸಿದರು. ಒಂದೊಂದು ತಲೆಗೂ ಒಂದೊಂದು ನಂಬರು ಕೊಟ್ಟು, ಯಾರು ಯಾರೆಂದು ಬರೆದುಕೊಡಿ ಎಂದು ಪ್ರಿಂಟನ್ನೂ ಖಾಲಿ ಪಟ್ಟಿಯನ್ನೂ ಅಪ್ಪನಿಗೆ ಕಳಿಸಿದರು. ಅಪ್ಪ ಅದನ್ನು ಹಾಸಿಗೆಯ ಕೆಳಗೆ ತಳ್ಳಿ ಒಂದು ತಿಂಗಳು ಅದರ ಮೇಲೆ ಮಲಗಿದರು. ಕೇಳಿದರೆ ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು. ಕ್ರಿಕೆಟ್ ಸ್ಕೋರು ಮಾತ್ರ ಎದುರು ಮನೆಯ ಟಿವಿಯಲ್ಲೂ ಕಾಣುತ್ತಿತ್ತು.

ನಾನು ಮೂವತ್ತು ವರ್ಷ ವಿಮಾ ಕಚೇರಿಯಲ್ಲಿದ್ದವಳು. ಭರ್ತಿಯಾಗದ ಫಾರಂ ಕಂಡರೆ ನನಗೆ ಊಟ ಸೇರುವುದಿಲ್ಲ. ಫೋಟೋದಲ್ಲಿದ್ದವರ ಪೈಕಿ ಊರಿನಲ್ಲಿ ಉಳಿದ ಇನ್ನಿಬ್ಬರನ್ನೂ ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದೆ. ಅವರು ಬರುವ ಮೊದಲೇ ಹದಿನಾಲ್ಕನೇ ನಂಬರಿನ ಎದುರು ಅಪ್ಪನ ಹೆಸರನ್ನು ಪೆನ್ನಿನಲ್ಲೇ ಬರೆದಿಟ್ಟೆ. ಕೈ ಎತ್ತಿ ನಗುತ್ತಿದ್ದ ಮುಖದ ನಂಬರು ಅದು.

ಬಂದವರಲ್ಲಿ ಒಬ್ಬರು ಕಲ್ಯಾಣ ನಗರದವರು. ಸೇನೆಯಲ್ಲಿ ವೈರ್‌ಲೆಸ್ ಕೆಲಸ ಮಾಡಿದವರು. ಈಗಲೂ ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಾರೆ. ಇನ್ನೊಬ್ಬರು ಹಲಸೂರಿನವರು, ಸೇನೆಯಲ್ಲಿ ಅಡುಗೆಯವರಾಗಿದ್ದವರು. ಬಂದವರೇ ನನ್ನ ಉಪ್ಪಿಟ್ಟಿಗೆ ಸಾಸಿವೆ ಸರಿಯಾಗಿ ಸಿಡಿದಿಲ್ಲ ಎಂದರು. ಅವರ ಮೇಲಿನ ನನ್ನ ಅಸಮಾಧಾನ ಅಲ್ಲಿಂದಲೇ ಶುರು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಕ್ಯಾಂಪಿನಲ್ಲಿ ವರ್ಷವಿಡೀ ಎಲ್ಲರಿಗೂ ಗಡ್ಡ. ಬಿಡುಗಡೆಯ ದಿನ ಬೆಳಿಗ್ಗೆ ಒಬ್ಬ ಕ್ಷೌರಿಕನನ್ನು ಕರೆಸಿ ಎಲ್ಲರ ಗಡ್ಡ ಬೋಳಿಸಿಬಿಟ್ಟರಂತೆ. ಹೀಗಾಗಿ ಗೇಟು ದಾಟುವಾಗ ಒಬ್ಬರ ಮುಖ ಒಬ್ಬರಿಗೆ ಹೊಸದು. ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಬೇರೆ. ದಿನಾ ಬೆಳಿಗ್ಗೆ ಎಣಿಕೆಗೆ ಒಬ್ಬರ ಹಿಂದೆ ಒಬ್ಬರು, ಅದೇ ಕ್ರಮದಲ್ಲಿ, ಗಂಟೆಗಟ್ಟಲೆ ನಿಲ್ಲಬೇಕಿತ್ತು. ಒಬ್ಬೊಬ್ಬರಿಗೂ ತಮ್ಮ ಮುಂದಿನವನ ಹಿಂದಲೆ ಬಾಯಿಪಾಠವಾಗಿತ್ತು. ಪುಣ್ಯಕ್ಕೆ ಫೋಟೋದಲ್ಲಿ ಬಹಳ ಜನ ಪಕ್ಕಕ್ಕೋ ಹಿಂದಕ್ಕೋ ತಿರುಗಿದ್ದರು.

“ಮುಖ ಬೇಡಮ್ಮ, ಕಿವಿ ಹಿಂದುಗಡೆ ತೋರ್ಸು. ಕಿವಿ ಹಿಂದುಗಡೆ,” ಎಂದರು ವೈರ್‌ಲೆಸ್‌ನವರು.

ಎಂಬತ್ತರ ಆಸುಪಾಸಿನ ಮೂವರು ನನ್ನ ಹಾಲ್‌ನಲ್ಲಿ ಎಣಿಕೆಯ ಕ್ರಮದಲ್ಲೇ ಸಾಲಾಗಿ ಎದ್ದು ನಿಂತರು. ನಡುವೆ ಇಲ್ಲದವರ ಬದಲಿಗೆ ಎರಡು ಕುರ್ಚಿ, ಒಂದು ಫ್ಯಾನು, ನನ್ನ ಹೊಲಿಗೆ ಮಷೀನು. ಜೋಲುಗಿವಿ, ಸೊಟ್ಟ ಕುತ್ತಿಗೆ, ದೊಡ್ಡ ಮಚ್ಚೆ ಎನ್ನುತ್ತಾ ಭೂತಗನ್ನಡಿ ಹಿಡಿದು ಪಟ್ಟಿ ತುಂಬಿಸತೊಡಗಿದರು. ನೋಡುನೋಡುತ್ತಿದ್ದಂತೆ ಇಪ್ಪತ್ತಕ್ಕೂ ಹೆಚ್ಚು ಹೆಸರು ಬಿದ್ದವು. ನಮ್ಮ ಕಚೇರಿಯಲ್ಲಿ ಇಂಥ ಸಿಬ್ಬಂದಿ ಇದ್ದಿದ್ದರೆ ಎಂದು ಹೊಟ್ಟೆ ಉರಿಯಿತು.

ಆಗ ಅಡುಗೆಯವರು ಹದಿನಾಲ್ಕರ ಮೇಲೆ ಬೆರಳಿಟ್ಟು, “ಇದು ನಾನಲ್ವಾ?” ಎಂದರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಐವತ್ತು ವರ್ಷದಿಂದ ಅದು ನಮ್ಮಪ್ಪ, ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಉಪ್ಪಿಟ್ಟಿನ ವಿಷಯದಲ್ಲಿ ಏನಾದರೂ ಹೇಳಿ, ಇದರಲ್ಲಿ ಬೇಡ ಎಂದು ಮನೆಗೆ ಬಂದ ಹಿರಿಯರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವರು ಬೇಸರಿಸಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಆ ನಗುವನ್ನು ನೋಡು ಎಂದರು. ಪೇಪರಿನಲ್ಲಿ ಕಾಣದೇ ಇದ್ದದ್ದು ಹೊಸ ಪ್ರಿಂಟಿನಲ್ಲಿ ಕಂಡಿತು: ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಕ್ಯಾಂಪಿನ ರೊಟ್ಟಿಯೊಳಗಿನ ಕಲ್ಲು ಕಚ್ಚಿ ತಾವು ಮುರಿದುಕೊಂಡದ್ದು ಎಂದರು. ಅಪ್ಪನ ಹಲ್ಲುಗಳು ಇವತ್ತಿಗೂ ಕಬ್ಬು ಸಿಗಿಯುತ್ತವೆ.

ಹಾಗಾದರೆ ಅಪ್ಪ ಎಲ್ಲಿ? ಅಪ್ಪ ಕಾಫಿ ಲೋಟದ ತಳವನ್ನು ನೋಡುತ್ತಿದ್ದರು.

ಉತ್ತರ ಕೊಟ್ಟವರು ವೈರ್‌ಲೆಸ್‌ನವರು. ಎಣಿಕೆಯಲ್ಲಿ ಅಪ್ಪನ ಹಿಂದೆ ನಿಲ್ಲುತ್ತಿದ್ದವರು ಅವರೇ. ಇಪ್ಪತ್ತೆರಡನೇ ನಂಬರಿಗೆ ಮುಖವೇ ಇರಲಿಲ್ಲ. ಯಾರೋ ಬಗ್ಗಿದ್ದರಿಂದ ನೆತ್ತಿ ಮಾತ್ರ ಕ್ಯಾಮೆರಾಕ್ಕೆ ಕಂಡಿತ್ತು. ನೆತ್ತಿಯಲ್ಲಿ ಎರಡು ಸುಳಿ.

“ಒಂದು ವರ್ಷ ಇದನ್ನೇ ನೋಡಿದೀನಿ. ಇದನ್ನೇ. ಎರಡು ಸುಳಿ, ಇವನಿಗೆ ಇಬ್ರು ಹೆಂಡ್ತೀರು ಗ್ಯಾರಂಟಿ ಅಂತ ರೇಗಿಸ್ತಿದ್ವಿ.”

ನಾನು ಅಪ್ಪನ ತಲೆಯನ್ನು ಬಗ್ಗಿಸಿ ನೋಡಿದೆ. ಬಿಳಿ ಕೂದಲಿನ ನಡುವೆ ಎರಡೂ ಇದ್ದವು. ನಮ್ಮ ಮನೆಯಲ್ಲಿ ಇಬ್ಬರಿದ್ದದ್ದು ಅಮ್ಮನಿಗೆ, ಒಬ್ಬರು ಗೋಡೆಯ ಮೇಲೆ, ಒಬ್ಬರು ವರಾಂಡದಲ್ಲಿ.

ಅಪ್ಪ ನಿಧಾನಕ್ಕೆ ಎಲ್ಲ ಹೇಳಿದರು. ಮದುವೆಯಾದ ಹನ್ನೆರಡನೇ ದಿನ ರಜೆ ರದ್ದಾಗಿ ಹೊರಟದ್ದು. ಅಮ್ಮನ ಬಳಿಯಿದ್ದ ಒಂದೇ ಮದುವೆ ಫೋಟೋದಲ್ಲಿ ಬಾಸಿಂಗ ಮತ್ತು ಹಾರದ ನಡುವೆ ಕಾಣುವುದು ಮೂಗು ಮಾತ್ರ. ವರ್ಷ ಕಳೆದು ಪೇಪರು ಕೆ.ಆರ್. ಪುರದ ತವರುಮನೆಗೆ ಬಂದಾಗ, ಅಲ್ಲಿ ಅಳಿಯನ ಮುಖ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಸಾರಿನ ಮಸಾಲೆ ಹುರಿಯುತ್ತಿದ್ದ ಅಮ್ಮ ಓಡಿ ಬಂದು, ಅರಿಶಿನದ ಬೆರಳನ್ನು ಎಲ್ಲರಿಗಿಂತ ಚೆನ್ನಾಗಿ ನಗುತ್ತಿದ್ದವನ ಮೇಲೆ ಇಟ್ಟಳು. ಅಪ್ಪ ಆ ಫೋಟೋ ತೆಗೆದ ಹೊತ್ತಿನಲ್ಲಿ ಕಿತ್ತುಹೋದ ಚಪ್ಪಲಿಯನ್ನು ಹುಡುಕುತ್ತಾ ಬಗ್ಗಿದ್ದರು.

“ನಾನು ಮನೆ ಸೇರೋ ಹೊತ್ತಿಗೆ ಮೂರು ವಾರ ಆಗಿತ್ತು. ಅಷ್ಟೂ ದಿನ ಆ ಮುಖ ತಲೆದಿಂಬಿನ ಕೆಳಗಿಟ್ಕೊಂಡು ಮಲಗಿದ್ಲು. ಚಪ್ಪಲಿ ಹುಡುಕ್ತಿದ್ದೋನು ನಾನು ಅಂತ ಹೆಂಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ಕೊಂಡೆ.” ಅಡುಗೆಯವರ ಕಡೆ ತಿರುಗಿದರು. “ಹದಿನಾಲ್ಕು ನಂಗೆ ಬಿಟ್ಕೊಡೋ. ಅವಳು ಒರೆಸಿದ್ದು ನನ್ನನ್ನೇ ಅಂತ ಇರ್ಲಿ.”

ಅಪ್ಪ ಯಾರ ಬಳಿಯೂ ಏನನ್ನೂ ಬೇಡಿದವರಲ್ಲ. ಹೆಸರು ಹೊಡೆದುಹಾಕಲು ಎತ್ತಿದ್ದ ಪೆನ್ನನ್ನು ನಾನು ಕೆಳಗಿಟ್ಟೆ. ಆದರೆ ಅಡುಗೆಯವರ ಮುಖ ಸಣ್ಣದಾಯಿತು. ಹರೆಯದಲ್ಲಿ ತೆಗೆದ ಬೇರೆ ಫೋಟೋ ಅವರಲ್ಲಿ ಇರಲಿಲ್ಲ. ತಾತನಿಗೆ ಒಂದು ಕಾಲಕ್ಕೆ ಕೂದಲಿತ್ತು ಎಂದರೆ ಮೊಮ್ಮಕ್ಕಳು ನಂಬುತ್ತಿರಲಿಲ್ಲವಂತೆ. ಪಟ್ಟಿ ಅಂದರೆ ಪಟ್ಟಿ, ಸುಳ್ಳು ಬರೆಯುವಂತಿಲ್ಲ ಎಂದು ವೈರ್‌ಲೆಸ್‌ನವರು ಎರಡು ಸಲ ಹೇಳಿದರು.

ಅಡುಗೆಯವರು ಹಳೇ ಪೇಪರಿನ ಫೋಟೋ ನೋಡಬೇಕೆಂದರು. ಅಡುಗೆಮನೆಯಿಂದ ತಂದುಕೊಟ್ಟೆ. ಧೂಳು ಹಿಡಿದ ಗಾಜಿನ ನಡುವೆ ಒಂದೇ ಒಂದು ಜಾಗ ಫಳಫಳ ಹೊಳೆಯುತ್ತಿತ್ತು. ಅದರ ಕೆಳಗೆ ಮುಖದ ಮೇಲೆ ಹಳದಿ ಕಲೆ. ಅವರು ಬಹಳ ಹೊತ್ತು ನೋಡಿದರು.

“ನನ್ನ ಮುಖಾನ ಇಷ್ಟು ವರ್ಷ ದಿನಾ ಒಬ್ರು ಒರೆಸಿದಾರೆ, ನಂಗೇ ಗೊತ್ತಿಲ್ಲ,” ಎಂದರು. “ತಗೋ, ನಿಂದೇ ಅದು.”

ಆದರೆ ಎಣಿಕೆ ತಪ್ಪಬಾರದಲ್ಲ, ಇಪ್ಪತ್ತೆರಡಕ್ಕೆ ಯಾರಾದರೂ ಬೇಕು ಎನ್ನುತ್ತಾ ವೈರ್‌ಲೆಸ್‌ನವರೂ ಮಣಿದರು. ತನ್ನ ಹೆಸರೇ ಹಾಕಿ ಎಂದು ಅಡುಗೆಯವರು ಒಪ್ಪಿದರು. ಒಂದೇ ಷರತ್ತು. ಚಪ್ಪಲಿಯ ವಿಷಯ ಎಲ್ಲೂ ಬರಕೂಡದು. ‘ತಾಯ್ನಾಡಿನ ಮಣ್ಣಿಗೆ ನಮಸ್ಕರಿಸುತ್ತಿರುವುದು’ ಎಂದು ಪಕ್ಕದಲ್ಲಿ ಬರೆಯಬೇಕು. ಬರೆದೆ. ಕಚೇರಿಯಲ್ಲಿ ಜೀವಮಾನವೆಲ್ಲ ಸುಳ್ಳು ದಾಖಲೆ ಹಿಡಿದವಳು ಆ ದಿನ ಮೂರು ಸುಳ್ಳಿಗೆ ಪೆನ್ನು ಹಿಡಿದೆ.

ಹಲಸೂರಿನ ಸಂಘದ ಸಮಾರಂಭಕ್ಕೆ ಬಂದ ಅತಿಥಿಗಳಿಗೆ ಇಪ್ಪತ್ತೆರಡನೇ ನಂಬರನ್ನು ಬಿಟ್ಟು ಬೇರೆ ಯಾರೂ ಕಣ್ಣಿಗೆ ಬೀಳಲಿಲ್ಲ. ಭಾಷಣದಲ್ಲಿ ಆ ನಮಸ್ಕಾರ ಮೂರು ಸಲ ಬಂತು. ಅಡುಗೆಯವರಿಗೆ ಶಾಲು, ಹಾರ, ಪೇಟ. ಮೊಮ್ಮಕ್ಕಳು ಆ ನೆತ್ತಿಯ ಕೂದಲನ್ನು ತೋರಿಸಿ ಫೋಟೋ ತೆಗೆಸಿಕೊಂಡರು. ಬಗ್ಗಿದ ಅಸಲಿ ಮನುಷ್ಯ ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು.

ಎಲ್ಲರೂ ಕಾಫಿಗೆ ಹೋದ ಮೇಲೆ ಅಪ್ಪ ಎದ್ದು ಗೋಡೆಯ ಹತ್ತಿರ ಹೋದರು. ಕರ್ಚೀಫು ತೆಗೆದು ಹದಿನಾಲ್ಕನೇ ಮುಖವನ್ನು ಒರೆಸತೊಡಗಿದರು. ಹೊಸ ಗಾಜು, ಒಂದು ಕಣ ಧೂಳಿರಲಿಲ್ಲ. ಅಡುಗೆಯವರು ಪೇಟ ಸರಿಮಾಡಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತರು. ಅವರಿಗೆ ನಗು ಬಂತು. ಕಟ್ಟಿಸಿದ ಹಲ್ಲೆಲ್ಲ ಕಾಣಿಸಿದವು. ಅಪ್ಪ ಒಮ್ಮೆ ತಿರುಗಿ ಆ ನಗುವನ್ನೇ ನೋಡಿದರು.

“ಹಂಗೇ ನಗ್ತಾ ಇರು, ಇನ್ನೊಂಚೂರಿದೆ,” ಎಂದು ಹೇಳಿ ಒರೆಸುವುದನ್ನು ಮುಗಿಸಿದರು.