ಕಲಾಯಿ ಇಲ್ಲದ ಮೂಸೆ

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಸಾರು ಕುದಿಸಬಾರದೆಂದು ಅಡರಕಟ್ಟಿಯ ನನ್ನ ತವರಿನಲ್ಲಿ ಹೆಣ್ಣುಮಕ್ಕಳಿಗೆ ಒಲೆಯ ಮುಂದೆ ಕೂಡ್ರುವ ಮೊದಲೇ ಹೇಳಿಕೊಡುತ್ತಿದ್ದರು. ಹುಳಿ ಪಾತ್ರೆಯನ್ನು ತಿನ್ನುತ್ತದೆ. ಆ ಸಾರು ಉಂಡವರ ಹೊಟ್ಟೆ ತೊಳಸುತ್ತದೆ. ನಾನು ಓದಿದ್ದು ಎರಡನೇ ಇಯತ್ತೆ. ನನ್ನ ಮಗ ಬೆಟಗೇರಿಯಲ್ಲಿ ಎರಕದ ಕಾರ್ಖಾನೆ ಇಟ್ಟವನು. ಅವನಿಗೆ ಇಷ್ಟೂ ತಿಳಿಯಲಿಲ್ಲ.

ಸವೆದ ಸೊಂಟದ ಕೀಲಿಗೆ ಕೂಡಿಸುವ ಟೈಟಾನಿಯಂ ಕಡ್ಡಿಗಳನ್ನು ಎರೆದುಕೊಡುವ ಕೆಲಸ ಅವನಿಗೆ ಬಂದಿತ್ತು. ಈ ಲೋಹ ಕರಗಿದರೆ ತಾನು ಕುದಿಯುವ ಮೂಸೆಯನ್ನೇ ತಿನ್ನುತ್ತದಂತೆ. ಮೂಸೆಯ ಗೋಡೆಯೊಳಗಿನ ಆಮ್ಲಜನಕ ಹೀರಿಕೊಂಡು ಪೆಡಸಾಗುತ್ತದಂತೆ. ಅದಕ್ಕೇ ಒಳಗೆ ಇಟ್ರಿಯಾ ಎಂಬ ಬಿಳಿ ಪುಡಿಯ ಲೇಪ ಬೇಕು. ಇದು ಅಲ್ಲೇ ಲೋಹದ ಪರೀಕ್ಷೆ ಮಾಡುವ ಅವನ ಮಗಳು, ನನ್ನ ಮೊಮ್ಮಗಳು ಹೇಳಿದ್ದು. ಲೇಪದ ಮೂಸೆಗಳು ಮುಗಿದಿದ್ದವು. ಮಗ ಉಕ್ಕು ಕಾಯಿಸುತ್ತಿದ್ದ, ಲೇಪವಿಲ್ಲದ ಹಳೆಯ ಮೂಸೆಯಲ್ಲೇ ಕರಗಿಸಿದ.

“ಉಕ್ಕಿಗೆ ನಡದದ್ದು ಇದಕ್ಯಾಕ ನಡೆಯಂಗಿಲ್ಲ? ಮ್ಯಾಲಿನ ಸಿಪ್ಪಿ ತಿಕ್ಕಿದ್ರ ಆತು,” ಎಂದ.

ಕಡ್ಡಿಗಳ ಜೊತೆಗೇ ಎರೆದಿದ್ದ ತೆಳ್ಳನೆಯ ಪಟ್ಟಿಯೊಂದನ್ನು ಮೊಮ್ಮಗಳು ಮನೆಗೆ ತಂದು, ಇಕ್ಕಳದಲ್ಲಿ ಹಿಡಿದು ಬಗ್ಗಿಸಿದಳು. ಬಾಗಬೇಕಾದದ್ದು ಹಪ್ಪಳದಂತೆ ಮುರಿಯಿತು.

“ಅಪ್ಪಾ, ಇದನ್ನ ಯಾರದೋ ತೊಡಿ ಎಲುವಿನಾಗ ಬಡೀತಾರ. ಒಳಗ ಮುರದ್ರ?”

“ಕಡ್ಡಿ ಒಯ್ಯಾಕ ನಾಳೆ ಮಧ್ಯಾಹ್ನ ಗಾಡಿ ಬರ್ತೈತಿ. ಹೆಂಗ ಹೊಳೀತಾವ ನೋಡು. ಸುಮ್ಮನ ಕುಂಡ್ರು.”

ಕೈ ತಪ್ಪಿ ಕೆಟ್ಟದ್ದು ಎರೆದವನನ್ನು ಬೈದು ಬಿಡಬಹುದು. ಗೊತ್ತಿದ್ದೂ ತಿಕ್ಕಿ ಹೊಳೆಯಿಸಿದವನಿಗೆ ಬೈಗುಳ ಸಾಲದು.

ಮರುದಿನ ಅಟ್ಟದಿಂದ ಕಲಾಯಿ ಹೋದ ಪಾತ್ರೆ ಇಳಿಸಿ, ಬೆಳಿಗ್ಗೆಯೇ ಹುಣಸೆ ಸಾರು ಕುದಿಸಿ ಅದರಲ್ಲೇ ಬಿಟ್ಟೆ. ಉಣ್ಣುವ ಹೊತ್ತಿಗೆ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮೇಲೆ ಕೊತ್ತಂಬರಿ ಉದುರಿಸಿ ಮಗನ ಅನ್ನಕ್ಕೆ ಸುರಿದೆ.

ಬಾಯಿಗಿಟ್ಟವನೇ ಉಗುಳಿದ. “ಯವ್ವಾ, ಯಾವ ಪಾತ್ರ್ಯಾಗ ಮಾಡಿಯಬೇ ಇದನ್ನ? ಕೊಲ್ತೀ ಏನು ನನ್ನ?”

“ಕಲಾಯಿ ಇದ್ದದ್ದು ಸಿಗಲಿಲ್ಲ. ಸಿಕ್ಕದ್ರಾಗ ಮಾಡ್ದೆ. ಮ್ಯಾಲೆ ಕೊತ್ತಂಬರಿ ಹಾಕೀನಲ್ಲ, ಚಂದ ಕಾಣ್ತೈತಿ. ಉಣ್ಣಲೇ.”

ಮೊಮ್ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ನಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು, ಬೆರಳಿನಿಂದ ಕೊತ್ತಂಬರಿ ಸರಿಸಿ ಕೆಳಗಿನ ಸಾರು ನೋಡಿದ. ಆಮೇಲೆ ಗಾಡಿಯವನಿಗೆ ಫೋನ್ ಹಚ್ಚಿ ಬರಬೇಡ ಎಂದ. ಸಂಜೆಯೊಳಗೆ ಕಡ್ಡಿಗಳನ್ನೆಲ್ಲ ಮಗಳ ಕಣ್ಣೆದುರೇ ತುಂಡು ಮಾಡಿಸಿದ.

ಕಿಲುಬು ಹಿಡಿದ ಪಾತ್ರೆಯನ್ನು ತೊಳೆಯಲು ಅವನ ಕೈಗೇ ಕೊಟ್ಟೆ. ತಿಕ್ಕುವುದು ಅವನಿಗೆ ಚೆನ್ನಾಗಿ ಬರುತ್ತದೆ.