ಕೈಲಾಸದ ನೀರು ದಾಟದೆ

ರಿಸೆಶನ್ ಹೊತ್ತಿನಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಅಮೆರಿಕದ ಶಾಮ್‌ಬರ್ಗಿನ ಆಫೀಸಿನಲ್ಲಿ ವರ್ಷಗಟ್ಟಲೆ ಜೀವ ತೇಯ್ದ ಪ್ರಾಜೆಕ್ಟು ಅರ್ಧಕ್ಕೇ ನಿಂತಿತು. ಮೊದಲೇ ಬುಕ್ ಮಾಡಿದ್ದ ಕೈಲಾಸ ಯಾತ್ರೆ ಕ್ಯಾನ್ಸಲ್ ಮಾಡೋಣ ಅಂದೆ. ಅದನ್ನಾದರೂ ಪೂರ್ತಿ ಮಾಡಬೇಕು ಅಂತ ಹಟ ಹಿಡಿದರು. ಹಟ ಅಂದರೆ ಅವರದೇ! ನಾವಿರೋ ಇಲಿನಾಯ್ ರಾಜ್ಯವೋ ಲಟ್ಟಿಸಿದ ಚಪಾತಿ ಹಾಗೆ ಚಪ್ಪಟೆ, ಹತ್ತೋದಕ್ಕೆ ಒಂದು ದಿಬ್ಬ ಸಿಗೋಲ್ಲ. ಬೆನ್ನಿಗೆ ಅಕ್ಕಿ ಮೂಟೆ ಕಟ್ಟಿಕೊಂಡು ಮಾಲಿನ ಪಾರ್ಕಿಂಗ್ ಗರಾಜಿನ ಮೆಟ್ಟಿಲು ಹತ್ತಿಳಿದು ಪ್ರಾಕ್ಟೀಸ್ ಮಾಡಿದರು. ಸೆಕ್ಯುರಿಟಿಯವನು ಬಂದು ವಿಚಾರಿಸಿದಾಗ ನನಗೆ ಮುಖ ಎಲ್ಲಿಡೋದು ತಿಳಿಯಲಿಲ್ಲ.

ಟಿಬೆಟ್ಟಿನ ದಾರ್ಚೆನ್ ಅನ್ನೋ ಪುಟ್ಟ ಊರಿನಿಂದ ಪರಿಕ್ರಮ ಶುರು. ಕೈಲಾಸವನ್ನು ಬಲಕ್ಕಿಟ್ಟುಕೊಂಡು ಮೂರು ದಿನ ನಡೆಯಬೇಕು. ದಾರಿಯಲ್ಲಿ ಯಾಕ್ ಕಾಯೋರ ಕರೀ ಡೇರೆಗಳು, ಅವುಗಳಿಂದ ಏಳೋ ಹೊಗೆ ಬಿಟ್ಟರೆ ಬರೀ ಕಲ್ಲು. ಮೊದಲ ಸಂಜೆ ಬೆಟ್ಟದ ಉತ್ತರ ದಿಕ್ಕಿನ ದೇರಾಪುಕ್ ತಲುಪಿದಾಗ ಮೋಡ ಸರಿಯಿತು. ಅಬ್ಬಾ! ಎರಡು ಗುಡ್ಡಗಳ ಸಂದಿನಲ್ಲಿ ಆಕಾಶದವರೆಗೂ ಕರೀ ಬಂಡೆಯ ಗೋಡೆ, ನೆತ್ತಿಯ ಮೇಲೆ ಹಿಮ. ನಾನು ಬಾಯಿಬಡುಕಿ. ಅಂಥ ನನಗೂ ಕಲಿತ ಸ್ತೋತ್ರವೆಲ್ಲ ಮರೆತೇಹೋಯಿತು. ಇಷ್ಟು ದೊಡ್ಡದರ ಮುಂದೆ ನಾನು ಇದ್ದೇನಲ್ಲ ಅನ್ನೋದಕ್ಕೇ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಯಜಮಾನರ ತುಟಿ ನೀಲಿಗಟ್ಟಿತ್ತು, ಹೆಜ್ಜೆ ತಡವರಿಸುತ್ತಿತ್ತು. ಮುಂದಿನ ಏರು ಡೋಲ್ಮಾ ಲಾ, ಹದಿನೆಂಟು ಸಾವಿರ ಅಡಿಗೂ ಮೇಲೆ. ಹತ್ತಿದರೆ ಜೀವಕ್ಕೇ ಅಪಾಯ, ಈಗಲೇ ಇಳಿಯಬೇಕು ಅಂತ ಗೈಡ್ ಖಡಾಖಂಡಿತವಾಗಿ ಹೇಳಿದ. ಇವರು ಬಂಡೆಯ ಮೇಲೆ ಕೂತೇಬಿಟ್ಟರು. ಬಂದ ದಾರಿಯಲ್ಲೇ ತಿರುಗಿದರೆ ಶಿವನನ್ನು ಎಡಕ್ಕಿಟ್ಟುಕೊಂಡು ನಡೆದ ಹಾಗಾಗುತ್ತೆ, ಅದು ಸಾವಿನ ಮನೆಯಲ್ಲಿ ಹಾಕೋ ಅಪ್ರದಕ್ಷಿಣೆ ಸುತ್ತು ಅಂದರು. ಬೈದೆ, ಕೈಮುಗಿದೆ, ಅತ್ತೆ. ಜಪ್ಪಯ್ಯ ಅಂದರೂ ಏಳಲಿಲ್ಲ.

“ಇದನ್ನೂ ಅರ್ಧಕ್ಕೇ ಬಿಟ್ಟುಹೋಗ್ಲಾ?” ಅಂದರು.

ಆ ಗೋಡೆಯ ಬುಡದಿಂದ ಹಿಮ ಕರಗಿದ ನೀರು ಹರಿದು ಬರುತ್ತಿತ್ತು. ನೋಡುತ್ತಾ ನೋಡುತ್ತಾ ನನಗೆ ಥಟ್ಟನೆ ಹೊಳೆಯಿತು. ಊರಿನ ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಬೀಳೋದೂ ಉತ್ತರಕ್ಕೇ. ಆ ನೀರನ್ನು ಯಾರೂ ದಾಟೋಲ್ಲ. ಪ್ರದಕ್ಷಿಣೆ ಹಾಕೋರು ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ನೀರಿನ ಕಡೆ ಕೈ ತೋರಿಸಿ ಅದನ್ನೇ ಹೇಳಿದೆ.

ಅವರು ಆ ನೀರಿನ ಕಡೆ ತಿರುಗಿದರು.

“ಹಾಗಾದ್ರೆ ನಮ್ಮದು ಅರ್ಧ ಅಲ್ಲ ಅಂತೀಯಾ?”

“ವಾಪಸ್ ನಡೆದ್ರೆ ತಾನೇ ರೀ, ಪೂರ್ತಿ ಆಗೋದು.”

ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದರು.